ನಿನ್ನ ಭಾವ ಹಾಲು ಬಿಡೋದು ಬೇಡ

ಲೋ ಕುಳ್ಳ,

ನಿನ್ನ ವಾಯ್ಸ್ ಮೆಸೇಜು ಕೇಳಿ ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯೋ ರೂಮಿನಲ್ಲಿ ಒಬ್ಬನೇ ನಕ್ಕೆ. "ಏನ್ಲಾ, ನಮ್ ಭಾವುಂಗೆ ಎದೇಲಿ ಕ್ಯಾಲ್ಸಿಯಂ ಜಾಸ್ತಿ ಐತಂತೆ, ಹಾಲ್ ಕುಡಿಯಾದ್ ಬುಟ್ಬುಡ್ಬೇಕಾ?" ಮಂಡ್ಯ ಕಡೆಯಿಂದ ಬರೋರಲ್ಲಿ ಅರ್ಧ ಜನ ಇದನ್ನೇ ಕೇಳ್ತಾರೆ, ಉಳಿದರ್ಧ ಜನ ಕೇಳದೇನೇ ಹಾಲು ಬಿಟ್ಟಿರ್ತಾರೆ. ಅದಕ್ಕೇ ಉತ್ತರಾನ ನಿನಗೊಬ್ಬನಿಗೇ ಕಳಿಸದೆ ಎಲ್ಲರೆದುರು ಬರೀತಿದೀನಿ. ಸೈಕಲ್ ಪಂಪಿನ ವಿಷಯ ಎತ್ತಲ್ಲ, ಹೆದರಬೇಡ.

ಹಾಲು ಕುಡೀಲಿ. ರಕ್ತನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂತು, ಉರಿಯೂತ ಆಗಿ, ಆ ಜಾಗ ಗಟ್ಟಿಯಾಗುವಾಗ ಸೇರಿಕೊಳ್ಳೋ ಸುಣ್ಣಾನೇ ಆ ಕ್ಯಾಲ್ಸಿಯಂ. ಲೋಟದಿಂದ ಸೀದಾ ಹೋಗಿ ಕೂರೋದಲ್ಲ. ಸಿಟಿ ಸ್ಕ್ಯಾನಿನಲ್ಲಿ ಪ್ರತಿ ಚುಕ್ಕೆಗೂ ಒಂದು ಸಾಂದ್ರತೆಯ ಅಂಕಿ ಇರುತ್ತೆ: ನೀರು 0, ಗಾಳಿ ಮೈನಸ್ 1000. ಹೌನ್ಸ್‌ಫೀಲ್ಡ್ ಅನ್ನೋ ಇಂಜಿನಿಯರ್ ಹೆಸರಿನ ಅಳತೆ ಅದು. ಸಿಟಿ ಕಟ್ಟಿದ್ದಕ್ಕೆ 1979ರಲ್ಲಿ ನೊಬೆಲ್ ಹಂಚಿಕೊಂಡ ಮನುಷ್ಯ. ಹೃದಯದ ನಾಳಗಳಲ್ಲಿ 130 ಮುಟ್ಟಿದ್ದನ್ನ ಸುಣ್ಣ ಅಂತ ಹಿಡಿದು, ಎಷ್ಟು ಜಾಗ, ಎಷ್ಟು ಗಟ್ಟಿ ಅಂತ ಗುಣಿಸಿ ಕೂಡ್ತೀವಿ. ಬರೋ ಮೊತ್ತಾನೇ ಕ್ಯಾಲ್ಸಿಯಂ ಸ್ಕೋರು. 1990ರಲ್ಲಿ ಅಗಾಟ್‌ಸ್ಟನ್ ಅನ್ನೋ ಡಾಕ್ಟರು ಹಾಕಿಕೊಟ್ಟ ಲೆಕ್ಕ. 0 ಬಂದ್ರೆ ಒಳ್ಳೇದೇ, ಆದ್ರೆ ಇನ್ನೂ ಸುಣ್ಣ ಕಟ್ಟದ ಮೆತ್ತನೆ ಕೊಬ್ಬು ಈ ಲೆಕ್ಕದಲ್ಲಿ ಸಿಗಲ್ಲ. 400 ದಾಟಿದ್ರೆ ಜಾಸ್ತಿ ಅಂತಲೇ ಅರ್ಥ. ನಿನ್ನ ಭಾವನ ಅಂಕಿ ಇಲ್ಲಿ ಹೇಳಲ್ಲ. ಬಿಡಬೇಕಾಗಿರೋದು ಹಾಲಲ್ಲ, ಬೀಡಿ. ಮತ್ತೆ ಹೃದಯದ ಡಾಕ್ಟರು ಬರೆದುಕೊಟ್ಟ, ಕೊಲೆಸ್ಟ್ರಾಲ್ ಇಳಿಸೋ ಸ್ಟಾಟಿನ್ ಮಾತ್ರೆನ ಯಾರೋ ಏನೋ ಅಂದ್ರು ಅಂತ ನಿಲ್ಲಿಸೋದು ಬೇಡ.

ಇಲ್ಲಿಗೇ ಮುಗಿಸೋಣ ಅಂತಿದ್ದೆ. ಆದ್ರೆ ಹೋದ ವಾರದಿಂದ ಒಂದು ವಿಷಯ ತಲೆ ಕೊರೀತಿದೆ, ನಿನಗಲ್ಲದೆ ಇನ್ಯಾರಿಗೆ ಹೇಳಲಿ.

ನಾನು ಏನು ಕೆಲಸ ಮಾಡ್ತೀನಿ ಅಂತ ನಮ್ಮಮ್ಮನಿಗೂ ಸರಿಯಾಗಿ ಗೊತ್ತಿಲ್ಲ. "ಎಕ್ಸ್‌ರೇ ತೆಗೀತಾನೆ" ಅಂತಾರೆ. ಬೆಳಗ್ಗೆ ಪಿಜಿಗಳಿಗೆ (ಸ್ನಾತಕೋತ್ತರ ಓದೋ ಡಾಕ್ಟರುಗಳಿಗೆ) ಪಾಠ, ಆಮೇಲೆ ಸಂಜೆವರೆಗೂ ಕತ್ತಲೆ ಕೋಣೆಯಲ್ಲಿ ಪರದೆ ಮುಂದೆ. ಪಾಠಕ್ಕೆ ಅಂತ ಒಂದು ಫೈಲ್ ಇಟ್ಟಿದೀನಿ. ಹೆಸರು, ನಂಬರು ಎಲ್ಲ ಅಳಿಸಿದ ಹೃದಯಗಳು. ಎಂಆರ್‌ಐನಲ್ಲಿ ಹೃದಯ ಬಡಿಯೋದನ್ನೇ ವಿಡಿಯೋ ಥರ ನೋಡಬಹುದು, ಒಂದೇ ಬಡಿತ ಮತ್ತೆ ಮತ್ತೆ ಓಡ್ತಿರುತ್ತೆ. ನಿಜಕ್ಕೂ ಅದು ಒಂದು ಬಡಿತ ಅಲ್ಲ. ಒಂದೇ ಬಡಿತದಲ್ಲಿ ಪೂರ್ತಿ ಚಿತ್ರ ಹಿಡಿಯೋಷ್ಟು ವೇಗ ನಾವು ಮಾಮೂಲಿಯಾಗಿ ಬಳಸೋ ವಿಧಾನಕ್ಕಿಲ್ಲ. ಪೇಷೆಂಟು ಹತ್ತು ಸೆಕೆಂಡೋ ಇನ್ನೂ ಸ್ವಲ್ಪ ಹೊತ್ತೋ ಉಸಿರು ಹಿಡಿದಿರ್ತಾರೆ. ಅಷ್ಟರಲ್ಲಿ ಆಗೋ ಒಂದೊಂದು ಬಡಿತದಿಂದಲೂ ಚೂರು ಚೂರು ತಗೊಂಡು, ಇಸಿಜಿ ಜೊತೆ ತಾಳೆ ನೋಡಿ ಜೋಡಿಸ್ತಾರೆ. ಪರದೆ ಮೇಲೆ ಕಾಣೋ ಆ ಬಡಿತ ಆ ಎದೆಯಲ್ಲಿ ಯಾವತ್ತೂ ಹಾಗೇ ಬಡಿದಿದ್ದಲ್ಲ.

ಪ್ರತಿ ಬ್ಯಾಚಿಗೂ ನಾನು ತೋರಿಸೋ ಒಂದು ಹೃದಯ ಇದೆ. ಬೈಪಾಸ್ ಮಾಡಿದ್ರೆ ಪ್ರಯೋಜನ ಆಗುತ್ತಾ ಅಂತ ನೋಡೋಕೆ ಕಳಿಸಿದ್ದ ಕೇಸು. ಗ್ಯಾಡೊಲಿನಿಯಂ ಅನ್ನೋ ಔಷಧಿನ ರಕ್ತನಾಳಕ್ಕೆ ಕೊಟ್ಟು ಹತ್ತು ನಿಮಿಷ ಕಾದು ತೆಗೆದ್ರೆ, ಬದುಕಿರೋ ಸ್ನಾಯು ಕಪ್ಪಗೆ, ಸತ್ತು ಕಲೆಯಾದದ್ದು ಬೆಳ್ಳಗೆ ಕಾಣುತ್ತೆ. ಆ ಬಿಳಿ ಒಳಪದರದಿಂದ ಶುರುವಾಗಿದ್ರೆ ಹಾರ್ಟ್ ಅಟ್ಯಾಕಿನ ಗುರುತು. ಗೋಡೆಯ ನಡುವೆ ಮಾತ್ರ ಇದ್ರೆ ಬೇರೆ ಕಾಯಿಲೆ ಹುಡುಕಬೇಕು. ಗೋಡೆಯ ಅರ್ಧ ದಪ್ಪಕ್ಕಿಂತ ಜಾಸ್ತಿ ಬೆಳ್ಳಗಾಗಿದ್ರೆ, ಆಮೇಲೆ ರಕ್ತ ಹರಿಸಿದ್ರೂ ಆ ಭಾಗ ಚೇತರಿಸಿಕೊಳ್ಳೋದು ಕಷ್ಟ. ಈ ಕೇಸಿನಲ್ಲಿ ಹೃದಯದ ಮುಂಭಾಗದ ಗೋಡೆ ಒಳಗಿಂದ ಹೊರಗಿನವರೆಗೂ ಬಿಳಿ. ಮೊದಲ ಸಲ ನೋಡಿದಾಗ "ಆಹಾ, ಎಂಥ ಕೇಸು!" ಅಂತ ಜೋರಾಗೇ ಅಂದಿದ್ದೆ. ನಮ್ಮ ರೇಡಿಯಾಲಜಿ ಡಾಕ್ಟರುಗಳ ಜಾತಿನೇ ಹಾಗೆ. ಸಾಲಾಗಿ ನಾರ್ಮಲ್ ಬಂದ್ರೆ ಒಳಗೊಳಗೇ ಬೇಜಾರು. ನಾರ್ಮಲ್ ಅನ್ನಿಸಿಕೊಂಡೋರು ಬೆಟ್ಟ ಹತ್ತಿ ಚಾಮುಂಡಿಗೆ ಈಡುಗಾಯಿ ಒಡೀತಿರ್ತಾರೆ, ನಾನಿಲ್ಲಿ ಆಕಳಿಸ್ತಿರ್ತೀನಿ.

ಕಾರಿಡಾರಿಗೆ ಬಂದು ನೋಡಿದ್ರೆ, ಬೆಂಚಿನ ಮೇಲೆ ಅಂಗಿ ಗುಂಡಿ ಹಾಕ್ಕೊಳ್ತಾ ಕೂತಿದ್ದೋರು ನಮ್ಮ ಪೈಥಾಗೊರಸ್ ಮೇಷ್ಟ್ರು.

ಪರದೆ ಮೇಲೆ ಹೆಸರಿತ್ತು, ಹೊಳೀಲಿಲ್ಲ. ಹೈಸ್ಕೂಲು ಮುಗಿಯೋವರೆಗೂ ಅವರ ನಿಜವಾದ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತಿತ್ತು ಹೇಳು? (ಈಗ ಯಾರ ಹೃದಯ ಅಂತ ನಿನಗೆ ಗೊತ್ತಾಯ್ತು. ಬೇರೆಯೋರಿಗೆ ಗೊತ್ತಾಗಲ್ಲ, ಹೈಸ್ಕೂಲಿಗೊಬ್ಬ ಪೈಥಾಗೊರಸ್ ಇದ್ದೇ ಇರ್ತಾರೆ.) ನನ್ನ ಗುರುತು ಹಿಡಿದು, "ಕಬ್ಬು ಅರೆಯೋ ಕಾಲ್ದಲ್ಲಿ ಮೈಶುಗರ್ ಫ್ಯಾಕ್ಟರಿ ಒಳಗೆ ಮಲಗಿಸ್ದಂಗಾಯ್ತು ಕಣಪ್ಪ ನಿನ್ ಮಿಷಿನ್ನು" ಅಂದ್ರು. ಎದೆ ನೋವು ಯಾವಾಗ ಬಂದಿತ್ತು ಸಾರ್ ಅಂದ್ರೆ, ಬಂದೇ ಇಲ್ಲ, ಒಂದಿನ ಗ್ಯಾಸ್ಟ್ರಿಕ್ ಆಗಿತ್ತು, ಸೋಡಾ ಕುಡ್ದು ಮಲಗ್ದೆ ಅಂದ್ರು. ಅವರಿಗೆ ಶುಗರ್ ಇತ್ತು. ಶುಗರ್ ಇರೋರಿಗೆ ಎಷ್ಟೋ ಸಲ ನೋವು ಗೊತ್ತಾಗೋದೇ ಇಲ್ಲ. ಪಾಠಕ್ಕೆ ಬಳಸಿಕೊಳ್ಳಲಾ ಅಂತ ಕೇಳಿ ಫಾರ್ಮ್ ಕೊಟ್ಟೆ. ಓದದೇ ಸಹಿ ಹಾಕಿದ್ರು. "ತಗೋ. ಸರಿಯಾಗಿ ಹೇಳ್ಕೊಡು ಹುಡುಗ್ರಿಗೆ."

ಹೋದ ವಾರ ಒಬ್ಬಳು ಪಿಜಿ ಕೇಳಿದಳು, "ಸಾರ್, ಈ ಪೇಷೆಂಟ್ ಈಗ ಹೇಗಿದಾರೆ?" ಯಾವ ಬ್ಯಾಚಿನೋರೂ ಇದನ್ನ ಕೇಳಿರಲಿಲ್ಲ. ಪರದೆ ಮೇಲೆ ಬಡೀತಾನೇ ಇತ್ತು. ನಾನು ಮುಂದಿನ ಕೇಸಿಗೆ ಹೋದೆ.

ಮೇಷ್ಟ್ರ ತಿಥಿಗೆ ನೀನು ಹೋಗಿದ್ದೆ. ನಾನು ಡ್ಯೂಟಿ ಅಂದಿದ್ದೆ. ಡ್ಯೂಟಿ ಇರಲಿಲ್ಲ ಕಣೋ. ರಜಾ ಹಾಕಿ, ಬಸ್ ಸ್ಟ್ಯಾಂಡಿಗೆ ಹೋಗೋ ಬದಲು ಕುಕ್ಕರಹಳ್ಳಿ ಕೆರೆ ಸುತ್ತಿದ್ದೆ. ಆ ಮನೆಯೋರ ಮುಂದೆ ಏನಂತ ಕೂರೋದು? ಅವರ ಹತ್ರ ಇರೋದು ಹಾರ ಹಾಕಿದ ಫೋಟೋ. ನನ್ನ ಹತ್ರ ಇರೋದು ಹೃದಯ, ಅದೂ ಓಡ್ತಾ ಇರೋದು. ಸಹಿ ಇದೆ, ನಿಯಮದ ಪ್ರಕಾರ ಎಲ್ಲಾ ಸರಿ ಇದೆ. ಆದ್ರೂ ಅವರ ಮಗನಿಗೆ ಹೇಳಬೇಕಾ, ಬೇಡವಾ? ಇನ್ನೊಂದು ಹೇಳಿಬಿಡ್ತೀನಿ. ಅದಕ್ಕಿಂತ ಚೆನ್ನಾಗಿ ಕಲಿಸಬಹುದಾದ ಕೇಸುಗಳು ಈಗ ನನ್ನ ಹತ್ರ ಬೇಕಾದಷ್ಟಿವೆ. ಪಾಠಕ್ಕೆ ಅದು ಬೇಕಾಗೇ ಇಲ್ಲ. ವರ್ಷಕ್ಕೊಂದು ಸಲ ಮೇಷ್ಟ್ರನ್ನ ನೋಡಬೇಕು ಅಂತಲೇ ಇಟ್ಟುಕೊಂಡಿದೀನೇನೋ.

ಥೂ, ಏನೇನೋ ಬರೆದುಬಿಟ್ಟೆ. ರಿಪೋರ್ಟಿನ ಕೊನೆಗೆ "ಕ್ಲಿನಿಕಲಿ ಕೋರಿಲೇಟ್" (ಪೇಷೆಂಟನ್ನ ನೋಡಿ ತಾಳೆ ಹಾಕಿಕೊಳ್ಳಿ) ಅಂತ ಸೇರಿಸಿ ಕೈ ತೊಳೆದುಕೊಳ್ಳೋರು ನಾವು, ಇದಕ್ಕೂ ಅದನ್ನೇ ಸೇರಿಸಿಕೊಂಡು ಓದು. ಮುಂದಿನ ತಿಂಗಳು ಮೈಸೂರಿಗೆ ಬರ್ತೀಯಲ್ಲ, ಆಲೆಮನೆಯಿಂದ ಉಂಡೆ ಬೆಲ್ಲ ತಗೊಂಡು ಬಾ. ನನ್ನ ಶುಗರ್ ಎಷ್ಟಿದೆ ಅಂತ ಮಾತ್ರ ಕೇಳಬೇಡ. ಮತ್ತೆ ನನ್ನ ಪಿಜಿಗಳೂ ಇದನ್ನ ಓದ್ತಾರೆ. ಅವರೆದುರಿಗೆ ಅಪ್ಪಿತಪ್ಪಿಯೂ ನನ್ನ ಎಸ್ಸೆಸ್ಸೆಲ್ಸಿ ಗಣಿತದ ಮಾರ್ಕು ಬಾಯಿಬಿಟ್ಟೀಯ, ಪಂಪಿನ ವಿಷಯ ಪೂರ್ತಿ ಬರೀತೀನಿ.

ಇಂತಿ ನಿನ್ನ,
ಸೊಟ್ಟ