ಭೂಬಳಕೆ ಬದಲಿಸುವ ಮುನ್ನ ಮಳೆಗಾಲದಲ್ಲಿ ಸ್ಥಳ ನೋಡಲಿ

ಮಾನ್ಯ ಸಂಪಾದಕರೇ,

ಕೃಷಿ ವಲಯದ ಜಮೀನನ್ನು ವಸತಿ ವಲಯವಾಗಿ ಬದಲಿಸುವ ಬಗೆಗಿನ ಪ್ರಕಟಣೆಗಳು ಪತ್ರಿಕೆಯ ಒಳಪುಟಗಳಲ್ಲಿ ಆಗಾಗ ಕಾಣಿಸುತ್ತವೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನಂತೆ, ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಇಂಥ ಬದಲಾವಣೆ ಮಾಡುವ ಮೊದಲು ಪತ್ರಿಕೆಯಲ್ಲಿ ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಗೆ ಕನಿಷ್ಠ 15 ದಿನಗಳ ಅವಕಾಶ ಕೊಡಬೇಕು. ಆದರೆ ಪ್ರಕಟಣೆಯಲ್ಲಿ ನಮಗೆ ಸಿಗುವುದು ಗ್ರಾಮದ ಹೆಸರು, ಸರ್ವೆ ನಂಬರು ಮತ್ತು ಎಕರೆ-ಗುಂಟೆಯ ಲೆಕ್ಕ. ಆ ಜಮೀನಿನಲ್ಲಿ ಮಳೆಯ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ನಾನಿರುವುದು ಶಿವಮೊಗ್ಗದ ಹೊರವಲಯದ ಹಳ್ಳಿಯೊಂದರಲ್ಲಿ. ನಮ್ಮೂರ ಕೆರೆಯ ಮೇಲ್ಭಾಗದಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಬಡಾವಣೆ ಆಯಿತು. ಗುಡ್ಡದ ನೀರನ್ನು ಕೆರೆಗೆ ತರುತ್ತಿದ್ದ ಕಾಲುವೆಯನ್ನು ಮಳೆಗಾಲದಲ್ಲಿ ದಾಟಲು ನಾವು ಅಡಿಕೆ ಮರದ ಸಂಕ ಹಾಕುತ್ತಿದ್ದೆವು. ಅಷ್ಟು ದೊಡ್ಡ ಕಾಲುವೆಯನ್ನು ಎರಡಡಿ ಸಿಮೆಂಟ್ ಪೈಪಿಗೆ ಇಳಿಸಿ ಮೇಲೆ ರಸ್ತೆ ಮಾಡಿದರು. ಪುಷ್ಯ ಮಳೆ ಜೋರಾಗಿ ಹೊಯ್ದ ರಾತ್ರಿ ಪೈಪಿನ ಬಾಯಿಗೆ ಕಸಕಡ್ಡಿ ಕಟ್ಟಿಕೊಂಡು, ನೀರು ರಸ್ತೆ ಹತ್ತಿ ಹೊಸ ಮನೆಗಳ ಅಂಗಳಕ್ಕೂ, ಕೆಂಪುಮಣ್ಣಿನ ಸಮೇತ ಆಗಷ್ಟೇ ನಾಟಿ ಮುಗಿಸಿದ್ದ ಗದ್ದೆಗಳಿಗೂ ನುಗ್ಗಿತು. ಆ ವರ್ಷ ಕೆರೆ ಕೋಡಿ ಬೀಳಲೇ ಇಲ್ಲ. ಅಲ್ಲಿ ಸೈಟು ಕೊಂಡವರು ಸಾಲಸೋಲ ಮಾಡಿ ಮನೆ ಕಟ್ಟಿದವರು. ಅವರೂ ನಮ್ಮಷ್ಟೇ ನೊಂದರು.

ಆ ಜಾಗದ ಸ್ಥಳ ಪರಿಶೀಲನೆ ನಡೆದದ್ದು ಏಪ್ರಿಲ್ ತಿಂಗಳಲ್ಲಿ. ಆಗ ಕಾಲುವೆ ಒಣಗಿ, ತರಗೆಲೆ ತುಂಬಿ, ಅಲ್ಲೊಂದು ನೀರಿನ ದಾರಿಯಿದೆ ಎಂದು ಊರಿನವರು ತೋರಿಸದಿದ್ದರೆ ಹೊರಗಿನಿಂದ ಬಂದವರಿಗೆ ಗೊತ್ತಾಗದ ಹಾಗಿತ್ತು.

ಮನೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಮಕ್ಕಳ ಓದಿಗಾಗಿ ಎಷ್ಟೋ ಕುಟುಂಬಗಳು ಶಿವಮೊಗ್ಗಕ್ಕೆ ಬರುತ್ತಿವೆ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆರಂಭವಾಗಿದೆ. ನಗರ ಬೆಳೆಯುವುದು ಸಹಜ. ಆದರೆ 2019ರ ಆಗಸ್ಟ್‌ನಲ್ಲಿ ಇದೇ ನಗರದ ಹಲವು ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಕಂಡ ಮೇಲೂ, ಮಲೆನಾಡಿನ ನೆಲವನ್ನು ಬೇಸಿಗೆಯಲ್ಲಿ ನೋಡಿ ತೀರ್ಮಾನಿಸುವುದು ಸರಿಯಲ್ಲ.

ಆದ್ದರಿಂದ ಕೆರೆಯ ಜಲಾನಯನದಲ್ಲಿ ಬರುವ ಯಾವುದೇ ಜಮೀನಿನ ಭೂಬಳಕೆ ಬದಲಾವಣೆಗೆ ಮುನ್ನ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಒಮ್ಮೆಯಾದರೂ ಸ್ಥಳ ಪರಿಶೀಲನೆ ನಡೆಸಿ, ನೀರು ಹರಿಯುವ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿ, ಆ ನಕ್ಷೆಯನ್ನು ಆಕ್ಷೇಪಣೆಯ ಅವಧಿ ಮುಗಿಯುವವರೆಗೆ ಗ್ರಾಮ ಪಂಚಾಯಿತಿಯಲ್ಲಿ ಹಾಕುವ ನಿಯಮವನ್ನು ಯೋಜನಾ ಪ್ರಾಧಿಕಾರ ಮಾಡಿಕೊಳ್ಳಬೇಕು. ಹಿಂದೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿ ಕೆಲಸ ಮಾಡಿದ ಹಿರಿಯರು ಕೆಲವು ಊರುಗಳಲ್ಲಿ ಇನ್ನೂ ಇದ್ದಾರೆ. ಪರಿಶೀಲನೆಗೆ ಅವರನ್ನೂ ಕರೆದುಕೊಳ್ಳಲಿ. ನವೆಂಬರ್‌ನಲ್ಲಿ ಅರ್ಜಿ ಹಾಕಿದವರು ಮುಂದಿನ ಮಳೆಗಾಲದವರೆಗೆ ಕಾಯಬೇಕಾಗುತ್ತದೆ, ಬಡ್ಡಿಯ ಹೊರೆಯೂ ಬೀಳುತ್ತದೆ ಎಂಬುದು ನಿಜ. ಆದರೂ ಆ ಏಳೆಂಟು ತಿಂಗಳು ಕಾಯುವಂತೆ ಮಾಡುವ ಅಧಿಕಾರವನ್ನು ಪ್ರಾಧಿಕಾರವು ಧೈರ್ಯದಿಂದ ಬಳಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಕೃಷಿಕ, ಶಿವಮೊಗ್ಗ ತಾಲ್ಲೂಕು