ಮಳಿಗೆಯ ಮುಂಭಾಗ ಇನ್ನು ಪಿಯಾನೊ ಕಛೇರಿಗೆ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮ ಮಳಿಗೆಯ ಮುಂಭಾಗ 60 ಕುರ್ಚಿಗಳ ಸಂಗೀತ ಕಛೇರಿ ಕೋಣೆಯಾಗುತ್ತಿದೆ. ಮಾರಾಟದ ಪಿಯಾನೊಗಳು ಹಿಂದಿನ ಕೋಣೆಗೆ ಹೋಗುತ್ತವೆ. ಅವುಗಳನ್ನು ನೋಡಲು ಮೊದಲೇ ಸಮಯ ಗೊತ್ತುಮಾಡಿಕೊಂಡು ಬನ್ನಿ.

ಈ ದಾರಿ ತೋರಿದವರು ಅಮೆರಿಕದ ಹೆಸರಾಂತ ಪಿಯಾನೊ ತಯಾರಕರ ಮನೆತನದ ವಿಲಿಯಂ ಸ್ಟೈನ್‌ವೇ. ಜರ್ಮನಿಯ ಸೇಸನ್‌ನಲ್ಲಿ 1835ರಲ್ಲಿ ಹುಟ್ಟಿದ ಅವರು 1850ರಲ್ಲಿ ಮನೆಯವರೊಂದಿಗೆ ನ್ಯೂಯಾರ್ಕಿಗೆ ಬಂದಿಳಿದರು. ಬೇರೆಯವರ ಪಿಯಾನೊ ಕಾರ್ಖಾನೆಗಳಲ್ಲಿ ದುಡಿದ ಆ ಕುಟುಂಬ 1853ರಲ್ಲಿ ತನ್ನದೇ ಕಾರ್ಖಾನೆ ಹೂಡಿತು. 1865ರಲ್ಲಿ ಇಬ್ಬರು ಅಣ್ಣಂದಿರು ತೀರಿಕೊಂಡರು. ಜರ್ಮನಿಯಲ್ಲೇ ಉಳಿದಿದ್ದ ಹಿರಿಯಣ್ಣ ಥಿಯೊಡರ್ ಬಂದು ತಾಂತ್ರಿಕ ಹೊಣೆ ಹೊತ್ತರು, ವ್ಯಾಪಾರ ವಿಲಿಯಂ ಹೆಗಲಿಗೆ ಬಿತ್ತು. ಮರುವರ್ಷವೇ ನ್ಯೂಯಾರ್ಕಿನ 14ನೇ ಬೀದಿಯಲ್ಲಿ 2,000ಕ್ಕೂ ಹೆಚ್ಚು ಆಸನಗಳ ಸ್ಟೈನ್‌ವೇ ಹಾಲ್ ತೆರೆಯಿತು. ಕೇಳುಗರು ಪಿಯಾನೊ ಮಳಿಗೆಯನ್ನು ಹಾದೇ ಒಳಹೋಗಬೇಕಿತ್ತು. ವ್ಯಾಪಾರದ ಲೆಕ್ಕ ಅದರಲ್ಲಿತ್ತು, ನಿಜ. ಆದರೆ 1872-73ರಲ್ಲಿ ಅವರ ಬೆಂಬಲದಿಂದ ರಷ್ಯದ ಪಿಯಾನೊ ವಾದಕ ಆಂಟನ್ ರುಬಿನ್‌ಸ್ಟೈನ್ ಅಮೆರಿಕದ ಊರೂರಲ್ಲಿ 215 ಕಛೇರಿ ನೀಡಿದ್ದು ಬರೀ ಜಾಹೀರಾತಿನ ಮಾತಲ್ಲ. ಆ ದರ್ಜೆಯ ಸಂಗೀತವನ್ನು ಕೇಳಿಯೇ ಇರದ ಊರುಗಳಿಗೂ ಅದು ತಲುಪಿತು. ಮುಂದೆ ನ್ಯೂಯಾರ್ಕಿನ ಕ್ವೀನ್ಸ್‌ನ ಅಸ್ಟೋರಿಯಾದಲ್ಲಿ ಕಾರ್ಖಾನೆಯ ಸುತ್ತ ಕಾರ್ಮಿಕರಿಗೆ ಮನೆಗಳೂ ಗ್ರಂಥಾಲಯವೂ ಬಂದವು. 1896ರಲ್ಲಿ ಅವರು ತೀರಿಕೊಂಡರು.

ಅವರಿಂದ ನಾವು ಕಲಿತದ್ದು ಇದು: ಪಿಯಾನೊವನ್ನು ಕಛೇರಿಯಲ್ಲಿ ಕೇಳಿಯೇ ಆರಿಸಬೇಕು. ಕೀಗಳ ಮುಂದೆ ಕುಳಿತವರಿಗೆ ಹ್ಯಾಮರ್‌ನ (ತಂತಿಗೆ ಹೊಡೆಯುವ ಪುಟ್ಟ ಸುತ್ತಿಗೆಯ) ಬಡಿತ ಹತ್ತಿರ, ನಾದ ಹರಡುವುದು ತಿಳಿಯದು. ಅದಕ್ಕೇ ಇನ್ನುಮುಂದೆ ಕೊಳ್ಳುವವರು ಮೊದಲು ತಾವೇ ನುಡಿಸಿ, ಆಮೇಲೆ ನಮ್ಮವರು ಅದೇ ಕೃತಿಯನ್ನು ನುಡಿಸುವಾಗ ನಾಲ್ಕನೆಯ ಸಾಲಿನಲ್ಲಿ ಕೂತು ಕೇಳಬೇಕು. ಮುಚ್ಚಳ ಪೂರ್ತಿ ತೆರೆದಿರುತ್ತದೆ.

ಕಛೇರಿಗೆ ಬಳಸಿದ ವಾದ್ಯ ಸವೆಯುವುದಿಲ್ಲವೇ ಎಂದು ಕೆಲವರು ಕೇಳಿದ್ದಾರೆ. ಸವೆಯುತ್ತದೆ, ಆದರೆ ಸರಿಪಡಿಸಬಹುದು. ತಂತಿಗೆ ಬಡಿದು ಬಡಿದು ಹ್ಯಾಮರ್‌ನ ಫೆಲ್ಟ್ (ಒತ್ತಿದ ಉಣ್ಣೆಯ ಹೊದಿಕೆ) ಗಟ್ಟಿಯಾಗುತ್ತದೆ, ಗೀರು ಬೀಳುತ್ತದೆ, ನಾದ ಚುರುಕಾಗಿ ಕರ್ಕಶವಾಗುತ್ತದೆ. ಮಾರುವ ಮೊದಲು ಅದನ್ನು ಉಜ್ಜಿ, ಸೂಜಿಯಿಂದ ಚುಚ್ಚಿ ಹದ ಮಾಡುತ್ತೇವೆ. ಕೀ ಇಳಿಯುವ ಆಳ ಸುಮಾರು 10 ಮಿ.ಮೀ., ಹ್ಯಾಮರ್ ತಂತಿಯವರೆಗೆ ಏರುವ ದೂರ ಸುಮಾರು 45 ಮಿ.ಮೀ. ಇರಬೇಕು. ತಂತಿಗೆ 2 ಮಿ.ಮೀ. ಇರುವಾಗ ಹ್ಯಾಮರ್ ಕೀಯ ಹಿಡಿತದಿಂದ ಕಳಚಿಕೊಳ್ಳಬೇಕು. ಈ ಅಂತರ ತೀರಾ ಕಡಿಮೆಯಾದರೆ ಹವೆ ಬದಲಾದಾಗ ಹ್ಯಾಮರ್ ತಂತಿಗೆ ಒತ್ತಿಕೊಂಡು ನಾದವನ್ನೇ ಕೊಲ್ಲುತ್ತದೆ.

ದೊಡ್ಡ ಚಿಂತೆ ತೇವದ್ದು. 60 ಜನ ಒಂದು ಗಂಟೆ ಕೂತರೆ 2ರಿಂದ 3 ಲೀಟರ್ ನೀರಿನಷ್ಟು ಆವಿ ಗಾಳಿಗೆ ಸೇರುತ್ತದೆ. ಸೌಂಡ್‌ಬೋರ್ಡ್ (ನಾದ ಹರಡುವ ಮರದ ಹಲಗೆ) ಉಬ್ಬಿದರೆ ತಂತಿಗಳ ಬಿಗಿ ಹೆಚ್ಚಿ ಶ್ರುತಿ ಏರುತ್ತದೆ, ಅದೂ ನಡುಸ್ಥಾಯಿಯಲ್ಲಿ ಹೆಚ್ಚು. ಒಣಗಿದರೆ ಹಲಗೆ ಸೀಳುವ ಭಯ. ಅದಕ್ಕೆ ಕೋಣೆಯಲ್ಲಿ ತೇವಾಂಶ 45 ಶೇಕಡಾ ಆಸುಪಾಸಿನಲ್ಲಿರುವಂತೆ ಯಂತ್ರ ಇಟ್ಟಿದ್ದೇವೆ. ಕಛೇರಿಗೆ ಎರಡು ಗಂಟೆ ಮುಂಚೆ ಶ್ರುತಿ ಮಾಡಿ, ವಿರಾಮದಲ್ಲಿ ಮತ್ತೆ ನೋಡುತ್ತೇವೆ.

ನಿಮ್ಮ ಮನೆಗೆ ಬಂದ ಪಿಯಾನೊಗೂ ಹವೆಗೆ ಒಗ್ಗಲು ಎರಡು ಮೂರು ವಾರ ಕೊಟ್ಟು, ಆಮೇಲೆಯೇ ಮೊದಲ ಶ್ರುತಿಗೆ ನಮ್ಮನ್ನು ಕರೆಯಿರಿ. ಹೊಸ ತಂತಿ ಹಿಗ್ಗುತ್ತಲೇ ಇರುವುದರಿಂದ ಮೊದಲ ವರ್ಷ ನಾಲ್ಕು ಸಲ ಶ್ರುತಿ ಬೇಕು. ದುರಸ್ತಿಗೆ ತರುವವರಿಗೆ ಬದಲಾವಣೆ ಏನೂ ಇಲ್ಲ, ಹಿಂಬಾಗಿಲಿಂದ ಬನ್ನಿ.

ಇಂತಿ,
ಪಿಯಾನೊ ಕಾರ್ಯಾಗಾರದ ಬಳಗ