ಲಕ್ಷ ಕೋಟಿಯ ಲೆಕ್ಕ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಹಾಸ್ಟೆಲ್‌ನಿಂದ ಕಳಿಸಿದ ವಿಡಿಯೋ ನೋಡಿದೆ. ದಿನಕ್ಕೆ ಹದಿನೆಂಟು ಗಂಟೆ ದುಡಿದರೆ ಯಾರು ಬೇಕಾದರೂ ಅಂಬಾನಿ ಆಗಬಹುದು ಅಂತ ಆ ಹುಡುಗ ಹೇಳುತ್ತಾನೆ. ‘ನಿಜಾನಾ ಅಮ್ಮಾ?’ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮೊತ್ತ ನೋಡೋಣ. ಫೋರ್ಬ್ಸ್ ಪತ್ರಿಕೆಯ 2024ರ ಶ್ರೀಮಂತರ ಪಟ್ಟಿಯಲ್ಲಿ ಮುಕೇಶ್ ಅಂಬಾನಿ ಅವರ ಆಸ್ತಿ 116 ಬಿಲಿಯನ್, ಅಂದರೆ 11,600 ಕೋಟಿ ಡಾಲರ್ ಅಂತಿತ್ತು. ಆಗ ಡಾಲರಿಗೆ 83 ರೂಪಾಯಿ ಆಸುಪಾಸು. ಗುಣಿಸಿದರೆ ಸುಮಾರು 9.6 ಲಕ್ಷ ಕೋಟಿ ರೂಪಾಯಿ. ನಮ್ಮ ಇಡೀ ಕರ್ನಾಟಕದ 2025-26ರ ಬಜೆಟ್ 4.09 ಲಕ್ಷ ಕೋಟಿ. ಶಾಲೆ, ಆಸ್ಪತ್ರೆ, ರಸ್ತೆ, ಸಂಬಳ, ಪಿಂಚಣಿ, ಗೃಹಲಕ್ಷ್ಮಿ ಎಲ್ಲ ಸೇರಿ.

ಕ್ಯಾಶ್ ಕೌಂಟರಿನಲ್ಲಿ ಕೂರುವ ನನಗೆ ಕೋಟಿ ಅನ್ನೋದು ಕಣ್ಣಿಗೆ ಕಾಣುವ ವಸ್ತು. ಐನೂರರ ನೂರು ನೋಟಿಗೆ ಒಂದು ಕಟ್ಟು. ಅಂಥ ಇನ್ನೂರು ಕಟ್ಟು ಸೇರಿದರೆ ಒಂದು ಕೋಟಿ. ಮಷಿನ್ ನಿಮಿಷಕ್ಕೆ ಸಾವಿರ ನೋಟು ಎಣಿಸುತ್ತದೆ ಅಂತಿಟ್ಟುಕೋ, ಕೋಟಿಗೆ ಇಪ್ಪತ್ತು ನಿಮಿಷ ಸಾಕು. 9.6 ಲಕ್ಷ ಕೋಟಿಗೆ? ಹಗಲೂ ರಾತ್ರಿ ನಿಲ್ಲಿಸದೆ ಓಡಿಸಿದರೂ 36 ವರ್ಷ ಬೇಕು. ನಾನು ಕೆಲಸಕ್ಕೆ ಸೇರಿ ರಿಟೈರ್ ಆಗುವಷ್ಟು ಕಾಲ.

ಆದರೆ ನಿನ್ನ ಪ್ರಶ್ನೆ ಇದ್ದದ್ದು ದುಡಿಮೆಯ ಬಗ್ಗೆ, ಅಲ್ವಾ? ಉದ್ಯೋಗ ಖಾತ್ರಿ ಕೂಲಿ ತೆಗೆಯಲು ನಮ್ಮ ಬ್ಯಾಂಕಿಗೆ ಹೆಂಗಸರು ಬರುತ್ತಾರೆ. ಕೆಲವರ ಬೆರಳಚ್ಚನ್ನು ಮಷಿನ್ ಹಿಡಿಯುವುದೇ ಇಲ್ಲ. ಮಣ್ಣು ಹೊತ್ತು, ಕಲ್ಲು ಎತ್ತಿ ಬೆರಳಿನ ಗೆರೆ ಸವೆದಿರುತ್ತದೆ. ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಇಡುತ್ತಾರೆ. ಆಗಲಿಲ್ಲ ಅಂದರೆ ಇನ್ನೊಂದು ಬೆರಳು. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಅವರ ಕೂಲಿ ದಿನಕ್ಕೆ 370 ರೂಪಾಯಿ. ಒಂದು ಪೈಸೆ ಖರ್ಚು ಮಾಡದೆ, ಒಂದು ದಿನ ರಜೆ ಹಾಕದೆ ಕೂಡಿಟ್ಟರೆ ಒಂದು ಕೋಟಿ ಆಗಲು 74 ವರ್ಷ. 9.6 ಲಕ್ಷ ಕೋಟಿ ಆಗಲು 7 ಕೋಟಿ ವರ್ಷಕ್ಕೂ ಜಾಸ್ತಿ. ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷ ಆಯಿತು ಪುಟ್ಟಿ. ಅವು ಇನ್ನೂ ಓಡಾಡುತ್ತಿದ್ದಾಗಲೇ ಆಕೆ ಮಣ್ಣು ಹೊರಲು ಶುರು ಮಾಡಿರಬೇಕಿತ್ತು.

ಹದಿನೆಂಟು ಗಂಟೆ ದುಡಿಮೆ ಈ ಅಂತರವನ್ನು ಮುಚ್ಚುತ್ತದಾ ನೀನೇ ಹೇಳು.

ಅಂಬಾನಿಯವರು ಕೆಲಸ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ಜಾಮ್‌ನಗರದಂಥ ರಿಫೈನರಿ ಕಟ್ಟೋದು, 2016ರಲ್ಲಿ ಜಿಯೋ ತಂದು ಡೇಟಾ ಅಗ್ಗ ಮಾಡಿದ್ದು ಸಣ್ಣ ಕೆಲಸವಲ್ಲ. ಆದರೆ ಆ 9.6 ಲಕ್ಷ ಕೋಟಿ ಸಂಬಳವಲ್ಲ, ತಿಜೋರಿಯಲ್ಲಿರುವ ನೋಟೂ ಅಲ್ಲ. ಅದರ ಬಹುಪಾಲು ಷೇರುಗಳ ಬೆಲೆ. ರಿಲಯನ್ಸ್‌ನ ಹೆಚ್ಚುಕಮ್ಮಿ ಅರ್ಧ ಷೇರು ಅವರ ಕುಟುಂಬ, ಅವರ ಕಂಪನಿಗಳ ಕೈಯಲ್ಲಿದೆ. ಅಪ್ಪ ಧೀರೂಭಾಯಿ 2002ರಲ್ಲಿ ತೀರಿಕೊಂಡರು, 2005ರಲ್ಲಿ ಅಣ್ಣತಮ್ಮಂದಿರಿಗೆ ಪಾಲಾಯಿತು. ಒಡೆತನ ಬಂದದ್ದು ಹಾಗೆ. ಷೇರು ಪೇಟೆಯಲ್ಲಿ ಬೆಲೆ ನೂರಕ್ಕೆ ಒಂದು ರೂಪಾಯಿ ಏರಿದರೆ ಈ ಆಸ್ತಿಗೆ 9,600 ಕೋಟಿ ಸೇರುತ್ತದೆ. 26 ಕೋಟಿ ಜನರ ಒಂದು ದಿನದ ಕೂಲಿ ಅದು. ಆ ದಿನ ಯಾರೂ ಒಂದು ಬುಟ್ಟಿ ಮಣ್ಣು ಜಾಸ್ತಿ ಹೊತ್ತಿರುವುದಿಲ್ಲ. ಇಳಿಯುವುದೂ ಹಾಗೇ. 2023ರ ಜನವರಿಯಲ್ಲಿ ಅದಾನಿ ಕಂಪನಿಗಳ ಮೇಲೆ ಅಕ್ರಮದ ಆರೋಪ ಹೊರಿಸಿ ಅಮೆರಿಕದ ಹಿಂಡನ್‌ಬರ್ಗ್ ಸಂಸ್ಥೆಯ ವರದಿ ಬಂದ ಮೇಲೆ ಕೆಲವೇ ವಾರಗಳಲ್ಲಿ ಆ ಕಂಪನಿಗಳ ಷೇರುಬೆಲೆಯಿಂದ 100 ಬಿಲಿಯನ್ ಡಾಲರಿಗೂ ಹೆಚ್ಚು ಕರಗಿತು.

ನನಗೆ ಹೊಟ್ಟೆ ಉರಿಯುವುದು ತೆರಿಗೆಯ ವಿಷಯಕ್ಕೆ. ನನ್ನ ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಹಿಡಿಯುತ್ತಾರೆ. ಏರಿದ ಷೇರಿಗೆ, ಮಾರುವವರೆಗೆ ತೆರಿಗೆ ಇಲ್ಲ. ಅಪ್ಪನಿಂದ ಮಕ್ಕಳಿಗೆ ಹೋಗುವ ಆಸ್ತಿಯ ಮೇಲಿದ್ದ ತೆರಿಗೆಯನ್ನು 1985ರಲ್ಲಿ ತೆಗೆದರು. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್‌ನಲ್ಲಿ ತೆಗೆದರು. ವಸೂಲಿಯ ಖರ್ಚು ಜಾಸ್ತಿ, ಬರುವುದು ಕಮ್ಮಿ ಅನ್ನೋದು ಸರ್ಕಾರದ ಕಾರಣ.

ಕೊಡುವವರೂ ಇದ್ದಾರೆ. ನಮ್ಮ ಬೆಂಗಳೂರಿನ ಅಜೀಂ ಪ್ರೇಮ್‌ಜಿ 2019ರ ಹೊತ್ತಿಗೆ ತಮ್ಮ ಫೌಂಡೇಶನ್‌ಗೆ ಮೀಸಲಿಟ್ಟದ್ದು ಒಟ್ಟು 1.45 ಲಕ್ಷ ಕೋಟಿ ಮೌಲ್ಯದ ಆಸ್ತಿ. ನಿನ್ನ ತಮ್ಮನ ಶಾಲೆಯಲ್ಲಿ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆ ಆರು ದಿನ ಆದದ್ದು ಆ ಫೌಂಡೇಶನ್ ಹಣದಿಂದಲೇ. ಅವರ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೂ ಮಕ್ಕಳ ಮೊಟ್ಟೆ ಒಬ್ಬರ ದೊಡ್ಡ ಮನಸ್ಸನ್ನು ನಂಬಿಕೊಂಡು ಇರಬಾರದು. ಇಷ್ಟು ದೊಡ್ಡ ಆಸ್ತಿ ಮುಂದಿನ ತಲೆಮಾರಿಗೆ ಹೋಗುವಾಗ ಒಂದು ಪಾಲು ಕಾನೂನಿನ ಪ್ರಕಾರ ಸರ್ಕಾರಕ್ಕೆ ಬರಬೇಕು ಅಂತ ನನ್ನ ಅಭಿಪ್ರಾಯ.

ನಿಮ್ಮಪ್ಪ ಇದನ್ನು ಒಪ್ಪೋದಿಲ್ಲ, ದುಡ್ಡಿದ್ದವರು ದೇಶ ಬಿಟ್ಟು ಹೋಗುತ್ತಾರೆ ಅಂತಾರೆ. ಆ ವಾದವನ್ನೂ ಕೇಳಿಕೋ. ಲೆಕ್ಕವನ್ನು ನೀನೇ ಒಂದು ಸಲ ಹಾಕಿ ನೋಡು, ಆಮೇಲೆ ಆ ವಿಡಿಯೋವನ್ನು ನಿನಗೆ ಕಳಿಸಿದ ಗೆಳತಿಗೂ ತೋರಿಸು. ಅವಳು ಏನಂದಳು ಅಂತ ನನಗೆ ಬರೆದು ತಿಳಿಸು.

ನಿನ್ನ
ಅಮ್ಮ